ಇಂಡಿಗೆ ಇನ್ನೊಂದು ಅಗಸಿ

ಆಲಮೇಲದ ಕೆಳಗೆ, ಭೀಮಾ ನದಿಯ ದಂಡೆಯ ಹೊಲದಲ್ಲಿ ಪಂಪಿನ ಕೋಣೆ ಕುಸಿದು ಮುತ್ತುರಾಜನ ಎಡಗಾಲಿನ ಮೇಲೆ ಬಿತ್ತು. ಅವನನ್ನು ಆ ಹೊಲಕ್ಕೆ ಕಳಿಸಿದವಳು ಅವನ ಒಡಹುಟ್ಟಿದ ಅಕ್ಕ ವಿಜಯಶ್ರೀ.

ಅಂದು ಮಧ್ಯಾಹ್ನ ಅವನು ಮಾತಾಡುವ ರೇಡಿಯೊ ಸೆಟ್ಟಿನಲ್ಲಿ ಅಕ್ಕನನ್ನು ಕೇಳಿದ್ದ. "ಅಕ್ಕಾ, ನೀರಿನ ಸುದ್ದಿ ಏನರ ಬಂದೈತೇನು? ಹೊಳಿ ಸ್ವಲ್ಪ ಕೆಂಪಾಗೇತಿ. ಹೋಗಿ ಮೋಟಾರ ಬಿಚ್ಚಕೊಂಡು ಬರಬೇಕಂತ ಮಾಡೇನಿ."

ಸಿಂದಗಿಯ ಮನೆಯಲ್ಲಿ ವಿಜಯಶ್ರೀ ಕಂಪ್ಯೂಟರಿನ ಪರದೆಯತ್ತ ನೋಡಿದಳು. ಹೊಳೆಯ ಮುನ್ಸೂಚನೆ ಕಳಿಸುವ ಇಂಡಿ ಕೇಂದ್ರದಿಂದ ಒಂದು ಸಾಲೂ ಬಂದಿರಲಿಲ್ಲ. ಮೈಕು ಒತ್ತಿ ಹೇಳಿದಳು, "ಏನೂ ಬಂದಿಲ್ಲಪಾ. ಸಾವಕಾಶ ಹೋಗಿ ಬಾ."

ಮಹಾರಾಷ್ಟ್ರದ ಅಣೆಕಟ್ಟೆಯಿಂದ ನೀರು ಬಿಟ್ಟಾಗಿತ್ತು. ಮುತ್ತುರಾಜ ಪಾನಾ ಹಿಡಿದು ಮೋಟಾರಿನ ಬೋಲ್ಟು ಸಡಿಲಿಸುತ್ತಿದ್ದಾಗಲೇ ಹೊಳೆ ದಂಡೆ ಹತ್ತಿತು. ಮಣ್ಣಿನ ಗೋಡೆ ನೆನೆದು ಕುಳಿತುಬಿಟ್ಟಿತು. ಓಣಿಯವರು ಟ್ರ್ಯಾಕ್ಟರಿನ ಟ್ಯೂಬು ಕಟ್ಟಿಕೊಂಡು ಹೋಗಿ ಅವನನ್ನು ಎಳೆದು ತರುವಷ್ಟರಲ್ಲಿ ಬೆಳಕು ಹರಿದಿತ್ತು. ವಿಜಾಪುರದ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕಾಲು ಕತ್ತರಿಸಿದರು. ತಾಯಿ ಸೀತವ್ವ ಹಾಸಿಗೆಯ ಕಡೆ ನೋಡಲಾರದೆ ವರಾಂಡದ ಕಂಬಕ್ಕೆ ಒರಗಿ ಕುಳಿತಳು.

ಆಗ ಬಸವನ ಬಾಗೇವಾಡಿಯಿಂದ ಸಾಬೀರಾ ಬಂದಳು. ಬಸ್ ಸ್ಟ್ಯಾಂಡಿನ ಎದುರು ಕಂಪ್ಯೂಟರ್ ಅಂಗಡಿ ಇಟ್ಟುಕೊಂಡವಳು. ವಿಜಯಶ್ರೀಯ ಜೊತೆಗೇ ಹ್ಯಾಮ್ ಎನ್ನುವ ಹವ್ಯಾಸಿ ರೇಡಿಯೊ ಪರೀಕ್ಷೆ ಪಾಸು ಮಾಡಿದ ಗೆಳತಿ. ರೊಟ್ಟಿಯ ಡಬ್ಬಿ ಕೆಳಗಿಟ್ಟು, ಮುತ್ತುರಾಜನ ತಲೆ ಸವರಿ, ವಿಜಯಶ್ರೀಯನ್ನು ಪಕ್ಕಕ್ಕೆ ಕರೆದಳು.

"ಗೊತ್ತಿದ್ದೂ ಯಾಕ ಕಳಿಸಿದೆವ್ವಾ ಅವನ್ನ?"

"ಏನು ಗೊತ್ತಿದ್ದು?"

"ನೀರು ಬಿಟ್ಟಾರಂತ. ಇಂಡಿಯಿಂದ ಮುಂಜಾನೆನ ಬಂತಲ್ಲ. ನಮ್ಮ ಬಾಗೇವಾಡಿಗೂ ಬಂತು, ಮುದ್ದೇಬಿಹಾಳಕ್ಕೂ ಬಂತು. ನಿನಗ ಬರಲಿಲ್ಲೇನು?"

ಬಾಗೇವಾಡಿಯ ಹತ್ತಿರ ಭೀಮೆ ಹರಿಯುವುದಿಲ್ಲ. ಮುದ್ದೇಬಿಹಾಳದ ಹತ್ತಿರವೂ ಇಲ್ಲ. ಭೀಮೆಯ ಸುದ್ದಿ ಬೇಕಾಗಿದ್ದುದು ಸಿಂದಗಿಗೆ, ಸಿಂದಗಿಯ ಮೂಲಕ ಆಲಮೇಲಕ್ಕೆ.

"ಇವತ್ತ ಪಟ್ಟಿ ತಗದ ನೋಡಿದೆ," ಸಾಬೀರಾ ದನಿ ತಗ್ಗಿಸಿದಳು. "ಸಿಂದಗಿ ಮುಂದ ನಿನ್ನ ಹಳೇ ನಂಬರ ಐತಿ, ವಿಜಿ. ಅಂವ ಹಾಕೇ ಇಲ್ಲ."

ಅಂವ ಎಂದರೆ ಚೇತನಕುಮಾರ.

ಇಂಡಿಯಲ್ಲಿ ದ್ರಾಕ್ಷಿ ತೋಟ, ನಿಂಬೆಯ ತೋಟ, ಎರಡಂತಸ್ತಿನ ಮನೆ, ಮನೆಯ ಮೇಲೆ ಕಬ್ಬಿಣದ ಗೋಪುರ ಇದ್ದ ಮನುಷ್ಯ. ಹವ್ಯಾಸಿ ರೇಡಿಯೊ ಸಂಘದ ಕಾರ್ಯದರ್ಶಿ. ನಾಲ್ಕು ಊರುಗಳಲ್ಲಿ ನಾಲ್ಕು ಗೇಟ್‌ವೇಗಳಿದ್ದವು. ಸುತ್ತಲ ಹಳ್ಳಿಗಳ ರೇಡಿಯೊಗಳು ತಮ್ಮ ಹತ್ತಿರದ ಗೇಟ್‌ವೇಯ ಜೊತೆ ಗಾಳಿಯಲ್ಲಿ ಮಾತಾಡುತ್ತಿದ್ದವು. ಗೇಟ್‌ವೇಗಳು ತಮ್ಮ ತಮ್ಮಲ್ಲಿ ಇಂಟರ್‌ನೆಟ್ಟಿನಲ್ಲಿ ಮಾತಾಡುತ್ತಿದ್ದವು. ಗೇಟ್‌ವೇ ಎಂಬ ಮಾತು ಯಾರ ಬಾಯಿಗೂ ಸರಿಯಾಗಿ ಹತ್ತದೆ ಎಲ್ಲರೂ ಅದನ್ನು ಊರ ಹೆಬ್ಬಾಗಿಲಿನ ಹೆಸರಿನಿಂದ ಅಗಸಿ ಎಂದೇ ಕರೆದರು: ಇಂಡಿ ಅಗಸಿ, ಸಿಂದಗಿ ಅಗಸಿ.

ತೊಂದರೆ ಇದ್ದುದು ಒಂದೇ. ಕರೆಂಟು ಹೋಗಿ ಬಂದಾಗಲೆಲ್ಲ ಇಂಟರ್‌ನೆಟ್ಟಿನಲ್ಲಿ ಆ ಅಗಸಿಯ ನಂಬರು ಬದಲಾಗುತ್ತಿತ್ತು. ಬದಲಾದ ನಂಬರನ್ನು ಚೇತನಕುಮಾರನಿಗೆ ತಿಳಿಸಬೇಕು. ಅವನು ದಾರಿಪಟ್ಟಿಯಲ್ಲಿ ಕೈಯಿಂದ ತಿದ್ದಬೇಕು. ಉಳಿದ ಕಂಪ್ಯೂಟರುಗಳು ಅವನ ಪಟ್ಟಿಯನ್ನು ನಕಲು ಮಾಡಿಕೊಳ್ಳಬೇಕು. ಪಟ್ಟಿಯಲ್ಲಿ ಹಳೆಯ ನಂಬರು ಉಳಿದರೆ ಆ ಊರಿಗೆ ಕಳಿಸಿದ ಮಾತು ಯಾರದೋ ಹಾಳು ಬಾಗಿಲಿಗೆ ಹೋಗಿ ಬೀಳುತ್ತಿತ್ತು. ಕಳಿಸಿದವರಿಗೂ ಗೊತ್ತಾಗುತ್ತಿರಲಿಲ್ಲ, ಕಾಯುವವರಿಗೂ ಗೊತ್ತಾಗುತ್ತಿರಲಿಲ್ಲ.

ಸಿಂದಗಿಯ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದ ವಿಜಯಶ್ರೀಗೆ ಸಂಘ ಆ ಊರಿನ ಅಗಸಿ ವಹಿಸಿದ ದಿನ ಚೇತನಕುಮಾರ ಸಭೆಯಲ್ಲಿ ನಕ್ಕು ಹೇಳಿದ್ದ, "ಚಲೋ ಆತು ಬಿಡ್ರಿ. ಅಗಸಿ ಹೊರಗಿನ ಮಂದಿ ಅಗಸಿ ಕಾಯೂ ಕಾಲ ಬಂತು." ಒಂದಿಬ್ಬರು ನಕ್ಕರು. ಉಳಿದವರು ಚಹಾದ ಕಪ್ಪಿನಲ್ಲಿ ಕಣ್ಣಿಟ್ಟರು. ವಿಜಯಶ್ರೀಯ ಅಜ್ಜ ಆಲಮೇಲದ ಅಗಸಿಯ ಹೊರಗಿನ ಕೇರಿಯಲ್ಲಿ ಹುಟ್ಟಿದವನು ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವಳು ಅಂದು ಎದ್ದು ನಿಂತು ಒಂದೇ ಮಾತು ಕೇಳಿದಳು: "ಪಟ್ಟಿ ಕೈಲೇ ಯಾಕ ತಿದ್ದಬೇಕ್ರಿ? ಎಲ್ಲಾ ದೇಶದಾಗೂ ಕಂಪ್ಯೂಟರ ತಾವs ಒಂದಕ್ಕೊಂದು ನಂಬರ ಹೇಳ್ಕೋತಾವು. ನಡುವ ಒಬ್ಬ ಮನಷ್ಯಾ ಬೇಕಾಗಂಗಿಲ್ಲ."

ಬೇಕಾಗದ ಆ ಮನುಷ್ಯ ತಾನೇ ಎಂದು ಚೇತನಕುಮಾರನಿಗೆ ತಿಳಿಯಿತು. ಅಂದಿನಿಂದ ಅವಳ ನಂಬರು ಮಾತ್ರ ಪಟ್ಟಿ ಸೇರಲು ತಡವಾಗತೊಡಗಿತು. ಮಳೆಗಾಲದ ಹೊತ್ತಿಗೆ ನಂಬರು ಮತ್ತೆ ಬದಲಾದಾಗ ಅವಳು ಇಮೇಲ್ ಕಳಿಸಿದಳು, ಫೋನೂ ಮಾಡಿದಳು. "ಹಾಕೇನ್ರಿ, ಹಾಕೇನಿ," ಎಂದ ಅವನು. ಅವಳು ನಂಬಿದಳು. ನಂಬಿದ್ದರಿಂದಲೇ ತಮ್ಮನಿಗೆ ಹೋಗು ಎಂದಳು.

ಹೊಳೆ ಇಳಿದ ಮೇಲೆ ಇಂಡಿಯಲ್ಲಿ ಸತ್ಕಾರ ಸಮಾರಂಭ ನಡೆಯಿತು. ಮುನ್ಸೂಚನೆ ಮುಟ್ಟಿಸಿ ಜನ, ದನ ಉಳಿಸಿದ್ದಕ್ಕೆ ಚೇತನಕುಮಾರನಿಗೆ ಶಾಲು, ಹಾರ. ವಿಜಯಶ್ರೀ ಬಸ್ಸು ಹತ್ತಿ ಹೋದಳು. ಭಾಷಣಗಳು ಮುಗಿಯುವ ತನಕ ಕುಳಿತಿದ್ದು ವೇದಿಕೆಯ ಕೆಳಗೆ ಅವನನ್ನು ತಡೆದಳು.

"ನನ್ನ ನಂಬರ ಹಾಕೇನಿ ಅಂದಿದ್ರಿ."

ಶಾಲಿನ ಅಂಚು ಸರಿ ಮಾಡಿಕೊಳ್ಳುತ್ತ ಅವನು ಹೇಳಿದ, "ಮರತಿರಬೇಕ್ರಿ. ಸಂಘಕ್ಕ ಒಂದು ವಿನಂತಿ ಬರಕೊಟ್ಟಿದ್ರ ನೆನಪಿರ್ತಿತ್ತು. ನೀವು ಮಾತು ಹೇಳೂದ್ರಾಗ ಶಾಣ್ಯಾರು, ಕೇಳೂದ್ರಾಗ ಅಲ್ಲ."

"ನಮ್ಮ ತಮ್ಮನ ಕಾಲು ಹೋತು."

"ಕೇಳಿ ಕೆಟ್ಟ ಅನಿಸ್ತು. ಆದ್ರ ಹೊಳಿ ಮಗ್ಗಲಾ ಹುಟ್ಟಿದವ್ರಿಗೆ ನೀರು ಬರ್ತೈತಂತ ರೇಡಿಯೊ ಹೇಳಬೇಕೇನ್ರಿ?"

ಅಷ್ಟು ಹೇಳಿ ಅವನು ಫೋಟೊ ತೆಗೆಯುವವರ ಕಡೆ ತಿರುಗಿದ. ಸಿಂದಗಿಗೆ ವಾಪಸಾಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ವಿಜಯಶ್ರೀ ಅಳಲಿಲ್ಲ. ಅವನನ್ನು ಹೊಡೆಯುವುದು, ಅವನ ಮೇಲೆ ಅರ್ಜಿ ಹಾಕುವುದು ಎರಡೂ ಅವಳ ತಲೆಗೆ ಬಂದವು, ಎರಡೂ ಸಪ್ಪೆ ಎನಿಸಿದವು. ತಾನು ಆ ಮಧ್ಯಾಹ್ನ ಖಾಲಿ ಪರದೆ ನೋಡಿ ಎಲ್ಲ ಸುರಳೀತ ಐತಿ ಎಂದುಕೊಂಡಳಲ್ಲ, ಹಾಗೆ ಅವನೂ ಒಂದು ದಿನ ಕುಳಿತಿರಬೇಕು. ನಾಲ್ಕು ಮಂದಿಯ ಎದುರು. ಅದಕ್ಕಿಂತ ಕಡಿಮೆಯದು ಯಾವುದೂ ಅವಳಿಗೆ ಬೇಡವಾಗಿತ್ತು.

ಕೆಲಸ ಶುರುವಾಯಿತು. ಬೇರೆ ದೇಶಗಳ ಹವ್ಯಾಸಿಗಳು ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದ ಪ್ರೋಗ್ರಾಮುಗಳನ್ನು ಅವಳು ಇಳಿಸಿಕೊಂಡು ಓದಿದಳು. ಕಾಲೇಜಿನಿಂದ ಬಂದು, ಚಹಾ ಕುಡಿದು, ತಮ್ಮನ ಗಾಯದ ಪಟ್ಟಿ ಬದಲಾಯಿಸಿ ಕೀಲಿಮಣೆಯ ಮುಂದೆ ಕೂಡುತ್ತಿದ್ದಳು. ಅವನನ್ನೂ ಸೀತವ್ವನನ್ನೂ ಸಿಂದಗಿಗೇ ಕರೆತಂದಿದ್ದಳು. ಮುತ್ತುರಾಜ ಹಾಸಿಗೆಯಿಂದಲೇ ಕೇಳುತ್ತಿದ್ದ, "ಎಲ್ಲೀಮಟ ಬಂತು?"

"ಬರಾಕತ್ತೈತಿ."

"ಅಂವಗ ನೋವಾಗ್ತೈತೇನು ಇದರಿಂದ?"

"ಆಗ್ತೈತಿ."

"ಹಂಗಾರ ಬರಿ."

ಅವಳು ಬರೆದ ಪ್ರೋಗ್ರಾಮು ಸರಳವಾಗಿತ್ತು. ಪ್ರತಿ ಅಗಸಿಯ ಕಂಪ್ಯೂಟರೂ ಆಗಾಗ ಉಳಿದವಕ್ಕೆ ತಾನೇ ಕೂಗಿ ಹೇಳುತ್ತದೆ: ನಾನು ಸಿಂದಗಿ, ನನ್ನ ಈಗಿನ ನಂಬರು ಇದು, ನನ್ನ ಹಿಂದೆ ಈ ಹಳ್ಳಿಗಳಿವೆ. ಕೇಳಿಸಿಕೊಂಡವು ತಮ್ಮ ಪಟ್ಟಿಯನ್ನು ತಾವೇ ತಿದ್ದಿಕೊಳ್ಳುತ್ತವೆ. ಕರೆಂಟು ಹೋಗಲಿ, ಬರಲಿ, ದಾರಿ ತಾನಾಗಿಯೇ ಮತ್ತೆ ಕೂಡುತ್ತದೆ. ಯಾರಿಗೂ ಫೋನಿಲ್ಲ, ವಿನಂತಿಯಿಲ್ಲ. ಕಳ್ಳ ಕೂಗು ಬಾರದಂತೆ ಒಂದು ಗುಪ್ತಪದ.

ಅದರ ಕೆಳಗೆ ಅವಳು ಇನ್ನೊಂದು ಸಾಲು ಬರೆದಳು. ಚೇತನಕುಮಾರನ ಕೇಂದ್ರದಿಂದ ಯಾವ ಕೂಗು, ಯಾವ ಮಾತು ಬಂದರೂ ಕೇಳಿಸಿಕೋ, ಚೆಲ್ಲಿಬಿಡು.

ಮೊದಲು ಸಾಬೀರಾ ಹಾಕಿಕೊಂಡಳು. ನಂತರ ಮುದ್ದೇಬಿಹಾಳದ ಮಲ್ಲಣ್ಣ. ಮಾರ್ಕೆಟ್ ಯಾರ್ಡಿನ ಹಿಂದೆ ಮನೆ ಇದ್ದ ಮಲ್ಲಣ್ಣ ಯಾರ ಗೊಡವೆಗೂ ಹೋಗದ ಮೇಷ್ಟ್ರು. ಬೆಳಗ್ಗೆ ಎದ್ದು ಪಟ್ಟಿ ನಕಲು ಮಾಡುವ ಕೆಲಸ ತಪ್ಪಿತಲ್ಲ ಎಂದೇ ಅವನಿಗೆ ಖುಷಿ. ಚೇತನಕುಮಾರ ಮೊದಮೊದಲು, "ನನ್ನ ಪಟ್ಟಿ ಇರೂಮಟ ಅದ್ಯಾಕ ಬೇಕು?" ಎಂದ. ಆಮೇಲೆ ತನ್ನ ಪಟ್ಟಿಯನ್ನು ಯಾರೂ ಕೇಳುತ್ತಿಲ್ಲವೆಂದು ತಿಳಿದು ಮಲ್ಲಣ್ಣನಿಂದ ಆ ಪ್ರೋಗ್ರಾಮು ತರಿಸಿಕೊಂಡು ಹಾಕಿದ. ಅವನ ಪರದೆಯ ಮೇಲೆ ಎಲ್ಲವೂ ಚೆನ್ನಾಗಿಯೇ ಕಂಡಿತು. ಬಾಗೇವಾಡಿಯ ಕೂಗು ಬಂತು, ಸಿಂದಗಿಯ ಕೂಗು ಬಂತು. ತನ್ನ ಕೂಗೂ ಹೋಯಿತೆಂದು ಪರದೆ ಹೇಳಿತು. ಅದು ಹೋಗಿ ಎಲ್ಲಿ ಬೀಳುತ್ತದೆಂದು ಹೇಳಲಿಲ್ಲ.

ಆ ಸಾಲನ್ನು ಕಂಡುಹಿಡಿದವಳು ಸಾಬೀರಾ. ಸಿಂದಗಿಗೆ ಬಂದವಳು ಚಪ್ಪಲಿ ಬಿಡುವ ಮುಂಚೆಯೇ ಕೇಳಿದಳು, "ಏನಿದು ವಿಜಿ? ಇಂಡಿನ ಕತ್ತರಿಸಿ ಒಗದೀಯಲ್ಲ?"

"ಇಂಡಿನಲ್ಲ. ಅವನ್ನ."

"ಇಂಡ್ಯಾಗ ಇರೂದು ಅಂವ ಒಬ್ಬನs. ಸೊಲ್ಲಾಪುರದವ್ರ ರೇಡಿಯೊ ಇಂಡಿಮಟ ಅಷ್ಟ ಬರ್ತೈತಿ, ಸಿಂದಗಿಗೆ ಬರಂಗಿಲ್ಲ. ಮುಂದಿನ ಮಳಿಗಾಲಕ್ಕ ಹೊಳಿ ಬಂದ್ರ ನಿಮ್ಮ ಆಲಮೇಲಕ್ಕ ಯಾರು ಹೇಳ್ತಾರ? ಅಂವ ಮಾಡಿದ್ದ ನೀನೂ ಮಾಡಿದಂಗಾತಲ್ಲ."

ಮುತ್ತುರಾಜ ಹಾಸಿಗೆಯಲ್ಲಿ ಎದ್ದು ಕುಳಿತ. ಸೀತವ್ವ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ವಿಜಯಶ್ರೀ ಗೆಳತಿಯ ಮುಖವನ್ನೇ ನೋಡಿದಳು. ಸಿಟ್ಟು ಬಂದಿತ್ತು, ಆದರೆ ಮಾತು ಸರಿಯಾಗಿತ್ತು.

"ಸಾಲು ತಗಿಯಂಗಿಲ್ಲ," ಎಂದಳು ಕೊನೆಗೆ. "ಇಂಡಿಗೆ ಇನ್ನೊಂದು ಅಗಸಿ ಮಾಡ್ತೇನಿ."

ಇಂಡಿಯಲ್ಲಿ ಚೇತನಕುಮಾರನ ಮನೆಯ ನೇರ ಎದುರಿಗೆ ಹೊನ್ನವ್ವನ ಮನೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೀವಮಾನವಿಡೀ ತಂತಿ ಕೂಡಿಸಿ ನಿವೃತ್ತಳಾದ ಹೆಂಗಸು. ಎಂದೋ ಒಂದು ಶಿಬಿರದಲ್ಲಿ ರೇಡಿಯೊ ಪರವಾನಗಿ ಪಡೆದಿದ್ದಳು. ಸಂಘದಲ್ಲಿ ಅವಳನ್ನು ಚಹಾ ಹಂಚಲಷ್ಟೇ ಕರೆಯುತ್ತಿದ್ದುದರಿಂದ ಹೋಗುವುದನ್ನೇ ಬಿಟ್ಟಿದ್ದಳು. ಚೇತನಕುಮಾರನ ಗೋಪುರವನ್ನು ಬಿಗಿದ ತಂತಿಯೊಂದು ರಸ್ತೆ ದಾಟಿ ಅವಳ ಅಂಗಳದಲ್ಲೇ ಗೂಟ ಹೊಡೆದು ಕುಳಿತಿತ್ತು. ಅವನು ಕೇಳಿ ಹೊಡೆದದ್ದಲ್ಲ. ಎಮ್ಮೆ ಅದಕ್ಕೆ ಮುಗ್ಗರಿಸಿ ಮೊಣಕಾಲು ಒಡೆದುಕೊಂಡಿದ್ದನ್ನು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು.

ವಿಜಯಶ್ರೀ ತನ್ನ ಹಳೆಯ ರೇಡಿಯೊ ಸೆಟ್ಟು, ಕಾಲೇಜಿನಿಂದ ವಿಲೇವಾರಿಯಾದ ಕಂಪ್ಯೂಟರು ಹೊತ್ತುಕೊಂಡು ಆ ಮನೆಗೆ ಹೋಗಿ ಎಲ್ಲವನ್ನೂ ಬಿಚ್ಚಿ ಹೇಳಿದಳು. ಹೊನ್ನವ್ವ ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದಳು.

"ಕಂಬ ಅವನ ಪಡಸಾಲಿಗೆ ಕಾಣಬೇಕೋ ಬ್ಯಾಡೋ?"

"ಕಾಣಬೇಕ್ರಿ."

"ಹಂಗಾರ ಮುಂದಿನ ಮಾಳಗಿ ಮ್ಯಾಲ ಹಾಕು."

ಕಂಬ ನಿಂತ ದಿನ ಸಂಜೆಯೊಳಗೆ ಹೊಸ ಕಂಪ್ಯೂಟರು ತನ್ನ ನಂಬರು ತಾನೇ ಕೂಗಿತು. ಸಿಂದಗಿ ಕೇಳಿಸಿಕೊಂಡಿತು, ಬಾಗೇವಾಡಿ ಕೇಳಿಸಿಕೊಂಡಿತು, ಮುದ್ದೇಬಿಹಾಳ ಕೇಳಿಸಿಕೊಂಡಿತು. ಕಾರ್ಯದರ್ಶಿಯ ಒಪ್ಪಿಗೆಯೂ ಬೇಕಾಗಲಿಲ್ಲ, ಸಹಿಯೂ ಬೇಕಾಗಲಿಲ್ಲ. ಚೇತನಕುಮಾರ ಪಡಸಾಲೆಯಲ್ಲಿ ನಿಂತು ಎದುರು ಮನೆಯ ಕಂಬ ನೋಡಿ, ಮುದುಕಿ ಟಿವಿ ತರಿಸಿದ್ದಾಳೆ ಎಂದುಕೊಂಡನಂತೆ.

ಮಳೆಗಾಲಕ್ಕೆ ಮುಂಚೆ ಅಧಿಕಾರಿಗಳು ಮುನ್ನೆಚ್ಚರಿಕೆಯ ತಯಾರಿ ನೋಡಲು ಬಂದರು. ಚೇತನಕುಮಾರನ ಅಂಗಳದಲ್ಲಿ ಪೆಂಡಾಲು. ಸಂಘದವರು, ಊರಿನ ಹಿರಿಯರು, ಪತ್ರಿಕೆಯವರು. ವಿಜಯಶ್ರೀ ತಮ್ಮನ ಜೊತೆ ಮುಂದಿನ ಸಾಲಿನಲ್ಲೇ ಕುಳಿತಳು. ಮುತ್ತುರಾಜ ತನ್ನ ಊರುಗೋಲನ್ನು ಎಲ್ಲರಿಗೂ ಕಾಣುವ ಹಾಗೆ ಮುಂದೆ ಚಾಚಿಟ್ಟಿದ್ದ.

ಚೇತನಕುಮಾರ ಮೈಕು ಹಿಡಿದು ವ್ಯವಸ್ಥೆ ವಿವರಿಸಿದ. ತನ್ನ ಅಗಸಿಯಿಂದ ಜಿಲ್ಲೆಯ ಯಾವ ಮೂಲೆಗಾದರೂ ನಿಮಿಷದೊಳಗೆ ಸುದ್ದಿ ಮುಟ್ಟುತ್ತದೆ ಎಂದ. ನಂತರ ಕರೆದ. "ಸಿಂದಗಿ, ಸಿಂದಗಿ, ಇದು ಇಂಡಿ. ಕೇಳಾಕತ್ತೈತೇನ್ರಿ?"

ಉತ್ತರವಿಲ್ಲ. ಸಿಂದಗಿಯಲ್ಲಿ ಕಾಲೇಜಿನ ಇನ್ನೊಬ್ಬ ಅಧ್ಯಾಪಕ ಕಿವಿಗೊಟ್ಟು ಕುಳಿತಿದ್ದ. ಅವನಿಗೆ ಏನೂ ಬರಲಿಲ್ಲ.

"ಬಾಗೇವಾಡಿ, ಇದು ಇಂಡಿ. ಬಾಗೇವಾಡಿ?"

ಸಾಬೀರಾಳ ಅಂಗಡಿಯಲ್ಲೂ ಮೌನ. ಮುದ್ದೇಬಿಹಾಳದ ಮಲ್ಲಣ್ಣನಲ್ಲೂ ಮೌನ. ಚೇತನಕುಮಾರ ಪರದೆ ನೋಡಿದ. ಕಳಿಸಲಾಗಿದೆ, ಕಳಿಸಲಾಗಿದೆ ಎಂದು ಸಾಲುಗಳು ಏರುತ್ತಿದ್ದವು. ವೈರು ಅಲುಗಾಡಿಸಿದ. ಒಮ್ಮೆ ಆರಿಸಿ ಹೊತ್ತಿಸಿದ. ಹಣೆಯ ಬೆವರು ಕನ್ನಡಕದ ಮೇಲೆ ಇಳಿಯಿತು. ಅವನು ಕರೆದಷ್ಟೂ ವಿಜಯಶ್ರೀಯ ಎದೆಯಲ್ಲಿ ಬಹಳ ದಿನದಿಂದ ಬಿಗಿದಿದ್ದುದು ಒಂದೊಂದೇ ಸುತ್ತು ಸಡಿಲವಾಯಿತು. ಅವಳು ಕಣ್ಣು ಮಿಟುಕಿಸದೆ ನೋಡಿದಳು. ನಾಚಿಕೆ ಎನಿಸಲಿಲ್ಲ. ಇನ್ನೂ ಕರೆ, ಇನ್ನೊಮ್ಮೆ ಕರೆ ಎಂದು ಒಳಗೊಳಗೇ ಹೇಳಿಕೊಂಡಳು.

ಆಗ ರಸ್ತೆಯ ಆಚೆಯಿಂದ, ಕಿಟಕಿಯಲ್ಲಿಟ್ಟ ಸ್ಪೀಕರಿನಿಂದ ಹೊನ್ನವ್ವನ ದನಿ ಬಂತು. "ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ, ಇದು ಇಂಡಿ ರೀ. ಯಾರ ಅದೀರಿ?"

"ಸಿಂದಗಿ ಐತ್ರಿ ಅಕ್ಕಾರ, ಹೇಳ್ರಿ," ಎಂಬ ದನಿ ಅಂಗಳಕ್ಕೆಲ್ಲ ಕೇಳಿಸಿತು. ಅದರ ಬೆನ್ನಿಗೇ ಸಾಬೀರಾ, ಅವಳ ಬೆನ್ನಿಗೆ ಮಲ್ಲಣ್ಣ. ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿ, ಕುರ್ಚಿ ಸರಿಸಿ ಎದ್ದು ರಸ್ತೆ ದಾಟಿದರು. ಪತ್ರಿಕೆಯವರು ಅವರ ಹಿಂದೆ. ಪೆಂಡಾಲಿನಲ್ಲಿ ತುಂಬಿಟ್ಟ ಚಹಾದ ಕಪ್ಪುಗಳು ಉಳಿದವು.

ಚೇತನಕುಮಾರ ವಿಜಯಶ್ರೀಯ ಹತ್ತಿರ ಬಂದ. "ಇದು ನಿಮ್ಮ ಕೆಲಸ."

"ಹೌದ್ರಿ."

"ನನ್ನ ದಾರಿ ಬಿಡ್ರಿ. ಮಂದ್ಯಾಗ ಮಾನ ಕಳೀಬ್ಯಾಡ್ರಿ."

"ನಂಬರ ಬಂದಿತ್ತೋ ಇಲ್ಲೋ? ಇವನ ಮುಂದ ಹೇಳ್ರಿ."

ಅವನು ಮುತ್ತುರಾಜನ ಕಡೆ ನೋಡಲಿಲ್ಲ. ಎದುರು ಮನೆಯ ಗದ್ದಲದ ಕಡೆ ನೋಡಿದ. ಉಳಿದುಕೊಂಡಿದ್ದ ಸಂಘದ ನಾಲ್ಕಾರು ಜನ ಕಿವಿ ತೆರೆದು ನಿಂತಿದ್ದರು.

"ಬಂದಿತ್ತು," ಎಂದ.

"ಮತ್ತ?"

"ಹಾಕಲಿಲ್ಲ. ನೀವು ಬಂದು ಕೇಳ್ಲಿ ಅಂತ ಬಿಟ್ಟೆ. ಹಿಂಗ ಆಗ್ತೈತಂತ ನನಗೇನು ಗೊತ್ತು?" ದನಿ ಒಡೆಯಿತು. "ಹೇಳಿದೆನಲ್ಲ. ಈಗ ದಾರಿ ಬಿಡ್ರಿ."

ವಿಜಯಶ್ರೀ ಎದ್ದಳು, ತಮ್ಮನ ಕಂಕುಳಿಗೆ ಊರುಗೋಲು ಕೊಟ್ಟಳು. "ಬಿಡ್ತೇನಿ ಅಂತ ನಾ ಯಾವಾಗ ಅಂದಿದ್ದೆ?"

ಸಿಂದಗಿಯ ಬಸ್ಸಿನಲ್ಲಿ ಮುತ್ತುರಾಜ ಆ ಮಾತನ್ನು ಮತ್ತೆ ಮತ್ತೆ ಹೇಳಿಸಿಕೊಂಡು ನಕ್ಕ. ಚೇತನಕುಮಾರನ ಕನ್ನಡಕ ಜಾರಿದ್ದು, ವೈರು ಅಲುಗಾಡಿಸಿದ್ದು ಎಲ್ಲವನ್ನೂ ಅನುಕರಿಸಿ ತೋರಿಸಿದ. ಗೋಡೆ ಬಿದ್ದ ಮೇಲೆ ಅವನು ನಕ್ಕದ್ದು ಅದೇ ಮೊದಲು. ತಾಂಬಾ ಊರು ದಾಟಿದ ಮೇಲೆ ಸುಮ್ಮನಾದ. ಪೈಜಾಮದ ಖಾಲಿ ಕಾಲನ್ನು ಸವರುತ್ತ ಹೇಳಿದ, "ಆದ್ರೂ ಅಕ್ಕಾ, ಇಲ್ದ ಬೆರಳು ತುರಸ್ತಾವು ನೋಡು." ಅವಳು ಅವನ ಕೈ ಹಿಡಿದುಕೊಂಡಳು.

ಸಂಘದವರು ಚೇತನಕುಮಾರನಿಂದ ರಾಜೀನಾಮೆ ಪಡೆದರು. ಅವನು ಸಿಟ್ಟಿನಲ್ಲಿ ತನ್ನ ರೇಡಿಯೊ ಸೆಟ್ಟನ್ನೇ ಬಿಚ್ಚಿಟ್ಟುಬಿಟ್ಟ. ಸಾಬೀರಾ ಕಾರ್ಯದರ್ಶಿಯಾದಳು, ಗುಪ್ತಪದ ಒಬ್ಬರ ಕೈಯಲ್ಲೇ ಇರಬಾರದೆಂದು ಹಟ ಹಿಡಿದು ನಾಲ್ಕೂ ಊರಿನವರಿಗೆ ಕೊಡಿಸಿದಳು. ವಿಜಯಶ್ರೀ ಒಪ್ಪಿದಳು. ಆ ಒಂದು ಸಾಲು ತೆಗೆಯಲು ಮಾತ್ರ ಒಪ್ಪಲಿಲ್ಲ. ಸಾಬೀರಾ ಅದನ್ನು ಮತ್ತೆ ಎತ್ತಲೂ ಇಲ್ಲ.

ಶ್ರಾವಣದಲ್ಲಿ ಭೀಮೆ ಮತ್ತೆ ಬಂದಳು. ಸೊಲ್ಲಾಪುರದವರು ಹೇಳಿದ್ದನ್ನು ಹೊನ್ನವ್ವ ಕೇಳಿ, ಸಿಂದಗಿಗೆ ಮುಟ್ಟಿಸಿ, ಸಿಂದಗಿಯಿಂದ ಆಲಮೇಲದ ಮನೆಗೆ ಮರಳಿದ್ದ ಮುತ್ತುರಾಜನಿಗೆ ತಲುಪುವಷ್ಟರಲ್ಲಿ ಒಂದು ಕಪ್ಪು ಚಹಾ ಆರಿರಲಿಕ್ಕಿಲ್ಲ. ಅಂದು ಮುಂಜಾನೆ ಸಿಂದಗಿಯಲ್ಲಿ ಕರೆಂಟು ಹೋಗಿ ಬಂದಿತ್ತು, ನಂಬರು ಬದಲಾಗಿತ್ತು. ವಿಜಯಶ್ರೀಗೆ ಅದರ ಪರಿವೆಯೂ ಇರಲಿಲ್ಲ. ಮುತ್ತುರಾಜ ಊರುಗೋಲಿನ ಮೇಲೆ ಓಣಿ ಓಣಿ ತಿರುಗಿ ಕೂಗಿದ. ಮೋಟಾರುಗಳು ಬಂಡಿಯೇರಿದವು, ದನಗಳು ದಿಬ್ಬ ಹತ್ತಿದವು. ನೀರು ಬಂದಾಗ ಹೊಲಗಳಲ್ಲಿ ಕಬ್ಬೊಂದೇ ನಿಂತಿತ್ತು.

ಆ ಗದ್ದಲದ ನಡುವೆಯೇ ವಿಜಯಶ್ರೀಗೆ ಹೊನ್ನವ್ವನ ಫೋನು ಬಂತು.

"ಏ ವಿಜಯಶ್ರೀ, ಎದುರು ಮನಿಯಂವ ನನ್ನ ಬಾಗಲದಾಗ ಬಂದ ನಿಂತಾನ. ಹೊಳಿ ದಂಡಿಗೆ ಅವನ ದ್ರಾಕ್ಷಿ ತ್ವಾಟ ಐತಂತ, ಆಳು ಮಂದಿ ಅಲ್ಲೇ ಅದಾರಂತ. ನೀರು ಎಷ್ಟು ಬಿಟ್ಟಾರ, ಯಾವಾಗ ಬರ್ತೈತಿ ಅಂತ ಕೇಳಾಕತ್ತಾನ. ಹೇಳ್ಲೋ ಬ್ಯಾಡೋ?"

ವಿಜಯಶ್ರೀಗೆ ಅವನು ನಿಂತಿರುವುದು ಕಂಡಂತಾಯಿತು. ಮಳೆಯಲ್ಲಿ, ಕೊಡೆಯಿಲ್ಲದೆ, ಮುದುಕಿಯ ಬಾಗಿಲಲ್ಲಿ. ಒಂದು ಕ್ಷಣ ಅವಳು ಬೇಡ ಎನ್ನಲು ಬಾಯಿ ತೆರೆದಳು. ಆ ಮಾತು ನಾಲಿಗೆಯ ತುದಿಯಲ್ಲಿ ಎಷ್ಟು ಸಿಹಿಯಾಗಿತ್ತೆಂದರೆ ಅವಳಿಗೇ ಹೆದರಿಕೆಯಾಯಿತು. ತೋಟದಲ್ಲಿದ್ದ ಆಳುಗಳ ಮುಖ ಅವಳು ನೋಡಿರಲಿಲ್ಲ, ಆದರೂ ಅವರ ಕಾಲುಗಳು ಕಣ್ಣಿಗೆ ಕಟ್ಟಿದವು.

"ಹೇಳ್ರಿ," ಎಂದಳು. "ಎಲ್ಲಾ ಹೇಳ್ರಿ, ಲಗೂನ ಹೇಳ್ರಿ. ಆದ್ರ ಒಳಗ ಕರೀಬ್ಯಾಡ್ರಿ, ಹೊರಗ ನಿಲ್ಲಿಸೇ ಹೇಳ್ರಿ."